ಏಳು ಯಂತ್ರ, ಒಂದೂ ದೂರಿಲ್ಲ: ಮಲೆನಾಡಿನ ಒಂದು ವರ್ಕ್‌ಶಾಪಿನ ಪ್ರಕರಣ

ಅಡಿಕೆ ಸುಲಿಯುವ ಏಳು ಯಂತ್ರ ಮಾರಿ ಆಗಿತ್ತು. ಒಂದರ ಬಗ್ಗೆಯೂ ದೂರು ಬಂದಿರಲಿಲ್ಲ. ಆದರೂ ಎಂಟನೆಯದನ್ನು ಕೇಳಿಕೊಂಡು ಯಾರೂ ಬರಲಿಲ್ಲ. 2013ರ ಬೇಸಿಗೆಯಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಆ ಯಂತ್ರ ಕಟ್ಟಿದವರು ನನ್ನ ಹತ್ತಿರ ಬಂದರು. ನಾನು ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡುವವನು, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವವನು. ಅವರಿಗೆ ಬೇಕಾಗಿದ್ದು ಇನ್ನೂ ಹತ್ತು ಯಂತ್ರ ಕಟ್ಟುವಷ್ಟು ಸಾಲ. ನಾನು ಪುಸ್ತಕ ತೆಗೆದು ಮಾರಾಟದ ಪಟ್ಟಿ ನೋಡಿದೆ. ಏಳು ಹೆಸರು. ಯಾರಿವರು ಅಂತ ಕೇಳಿದರೆ ಒಂದೊಂದಕ್ಕೂ ಒಂದೊಂದು ಸಂಬಂಧ ಹೇಳಿದರು. ಇವರು ಭಾವ, ಇವರು ಸೋದರಮಾವ, ಇವರು ಪಕ್ಕದ ತೋಟದವರು, ಇವರು ಅಪ್ಪನ ಸ್ನೇಹಿತರು. ಹೊರಗಿನವರು ಒಬ್ಬರೂ ಇರಲಿಲ್ಲ.

ಅವರನ್ನು ಇಲ್ಲಿ ಸುಬ್ರಾಯಣ್ಣ ಎಂದು ಕರೆಯುತ್ತೇನೆ. ನಿಜವಾದ ಹೆಸರಲ್ಲ. ಊರಿನ ಹೆಸರೂ ಬೇಡ, ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಪೇಟೆ ಅಂದುಕೊಳ್ಳಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ, ಬೇರೆಯವರಿಗೆ ಉಪಯೋಗ ಆದರೆ ಆಗಲಿ ಎಂದರು.

ಹಿನ್ನೆಲೆ

ಸುಬ್ರಾಯಣ್ಣ ಐಟಿಐನಲ್ಲಿ ಫಿಟ್ಟರ್ ಕಲಿತವರು. ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಆರು ವರ್ಷ ಕೆಲಸ ಮಾಡಿದರು. ಅಪ್ಪನಿಗೆ ಹುಷಾರಿಲ್ಲದಾಗ 2006ರಲ್ಲಿ ಊರಿಗೆ ವಾಪಸ್ ಬಂದು, ರಸ್ತೆ ಪಕ್ಕ ಒಂದು ಶೆಡ್ ಹಾಕಿ ವೆಲ್ಡಿಂಗ್ ಶುರು ಮಾಡಿದರು. ಗೇಟು, ಗ್ರಿಲ್ಲು, ಟಿಲ್ಲರ್ ರಿಪೇರಿ, ಔಷಧಿ ಹೊಡೆಯುವ ಪಂಪಿನ ರಿಪೇರಿ. ಹೊಟ್ಟೆಗೆ ಕೊರತೆ ಇರಲಿಲ್ಲ.

ಅಡಿಕೆ ಸೀಮೆಯವರಿಗೆ ಸುಲಿತದ ಕಷ್ಟ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಎರಡು ಮಾತು. ಮಲೆನಾಡಿನಲ್ಲಿ ಕೆಂಪಡಿಕೆ ಮಾಡಲು ಕಾಯಿ ಹಸಿರಾಗಿರುವಾಗಲೇ ಕೊನೆ (ಅಡಿಕೆ ಗೊಂಚಲು) ಇಳಿಸುತ್ತಾರೆ. ಇಳಿಸಿದ ಮೇಲೆ ಜಾಸ್ತಿ ದಿನ ಇಡುವ ಹಾಗಿಲ್ಲ. ಸುಲಿಯಬೇಕು, ಚೊಗರು (ಹಿಂದೆ ಅಡಿಕೆ ಬೇಯಿಸಿದ ಕಂದು ನೀರು) ಹಾಕಿ ಬೇಯಿಸಬೇಕು, ಒಣಗಿಸಬೇಕು. ಸುಲಿಯುವುದು ಮೆಟ್ಟುಗತ್ತಿಯಲ್ಲಿ. ಮಣೆಯ ಮೇಲೆ ಕೂತು, ಒಂದೊಂದೇ ಕಾಯಿ ಕೈಯಲ್ಲಿ ಹಿಡಿದು ಬಿಡಿಸಬೇಕು. ಕೂಲಿ ಡಬ್ಬದ ಲೆಕ್ಕ. ಮೊದಲೆಲ್ಲ ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಹತ್ತು ಹದಿನೈದು ಜನ ಕೂತಿರುತ್ತಿದ್ದರು. ಸುಬ್ರಾಯಣ್ಣ ಊರಿಗೆ ಮರಳಿದ ಮೇಲಿನ ವರ್ಷಗಳಲ್ಲಿ ಜನ ಸಿಗುವುದು ಕಷ್ಟವಾಗಿತ್ತು. ಹುಡುಗರು ಶಿವಮೊಗ್ಗ, ಬೆಂಗಳೂರು ಸೇರಿದ್ದರು.

2011ರ ಕೊಯ್ಲಿಗೆ ಸುಬ್ರಾಯಣ್ಣ ಮೊದಲ ಯಂತ್ರ ಕಟ್ಟಿದರು. ತಿರುಗುವ ಒಂದು ರಬ್ಬರ್ ರೋಲರ್, ಅದರ ಎದುರು ಬ್ಲೇಡು, ಮೇಲೆ ಕಾಯಿ ಸುರಿಯುವ ತಗಡಿನ ಬುಟ್ಟಿ, ಕೆಳಗೆ ಮೋಟಾರು. ಆಗಲೇ ಮಾರುಕಟ್ಟೆಗೆ ಬೇರೆ ಯಂತ್ರಗಳೂ ಬರತೊಡಗಿದ್ದವು. ಇವರದು ಚಿಕ್ಕದು, ಮನೆಯ ಮಟ್ಟದ್ದು, ಬೆಲೆ ಕಡಿಮೆ. ದುಡ್ಡು ಹಾಕಿದವರು ಐದು ಜನ, ಎಲ್ಲರೂ ಹತ್ತಿರದವರೇ. ಕಾಗದ ಇಲ್ಲ, ಬಡ್ಡಿ ಇಲ್ಲ, ವಾಯಿದೆಯೂ ಇಲ್ಲ. "ಇದ್ದಾಗ ಕೊಡು ಮಾರಾಯ" ಅಂದಿದ್ದರು.

ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆ ಐದು ಜನ ಇಲ್ಲದಿದ್ದರೆ ಮೊದಲ ಯಂತ್ರವೇ ಇರುತ್ತಿರಲಿಲ್ಲ. ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲದ ಯಂತ್ರಕ್ಕೆ ಯಾವ ಬ್ಯಾಂಕು ದುಡ್ಡು ಕೊಡುತ್ತದೆ?

ಸಮಸ್ಯೆ

ನಾನು ಸಾಲದ ವಿಷಯ ಪಕ್ಕಕ್ಕಿಟ್ಟು ಒಂದು ಮಾತು ಹೇಳಿದೆ. ಮೊದಲು ಆ ಏಳು ಮನೆಗೂ ಹೋಗಿ ಯಂತ್ರ ಎಲ್ಲಿದೆ ನೋಡಿಕೊಂಡು ಬನ್ನಿ. ಅವರಿಗೆ ಬೇಜಾರಾಯಿತು. "ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳಿದ್ದಾರಲ್ಲ" ಅಂದರು. ಹೋಗಲಿಲ್ಲ.

ಅದರ ಬದಲು ತಮಗೆ ತೋಚಿದ್ದನ್ನು ಮಾಡಿದರು. ಯಂತ್ರಕ್ಕೆ ಒಳ್ಳೆಯ ಬಣ್ಣ ಬಳಿದರು. ಮೋಟಾರು ದೊಡ್ಡದು ಮಾಡಿದರು. ನವೆಂಬರಿನಲ್ಲಿ, ಕೊಯ್ಲಿನ ನಡುವೆಯೇ, ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಕೃಷಿ ಮೇಳದಲ್ಲಿ ಮಳಿಗೆ ಹಿಡಿದರು. ಜನವೋ ಜನ. ಒಂದು ನೋಟ್‌ಬುಕ್ ತುಂಬ ಫೋನ್ ನಂಬರ್ ಬರೆದುಕೊಂಡು ಬಂದರು. ಒಂದು ತಿಂಗಳು ಫೋನ್ ಮಾಡಿದರು. ಒಂದೂ ವ್ಯಾಪಾರ ಕುದುರಲಿಲ್ಲ. ಕೇಳಿದವರೆಲ್ಲ ಕೇಳಿದ್ದು ಒಂದೇ: ನಮ್ಮ ಕಡೆ ಯಾರಾದರೂ ತಗೊಂಡಿದ್ದಾರಾ? ತೀರ್ಥಹಳ್ಳಿ ಕಡೆ, ಕೊಪ್ಪದ ಕಡೆ, ಶಿರಸಿ ಕಡೆ, ಯಾರೂ ತಗೊಂಡಿರಲಿಲ್ಲ. ಇವರ ಮಾತಿಗೆ ಬೆಲೆ ಇದ್ದದ್ದು ಹತ್ತು ಹನ್ನೆರಡು ಕಿಲೋಮೀಟರಿನ ಒಳಗೆ.

ಅಂಗಳದಲ್ಲಿ ಆ ಸಂಜೆ

ಮೇಳದಿಂದ ಬಂದ ಮೇಲೆ, ಡಿಸೆಂಬರಿನಲ್ಲಿ, ಬೇರೆ ಏನೋ ಕೆಲಸಕ್ಕೆ ಅಕ್ಕನ ಮನೆಗೆ ಹೋದರು. ಕತ್ತಲಾಗಿತ್ತು. ಅಂಗಳದಲ್ಲಿ ಬಲ್ಬು ಹಾಕಿಕೊಂಡು ಆರು ಹೆಂಗಸರು ಮೆಟ್ಟುಗತ್ತಿ ಇಟ್ಟು ಸುಲಿಯುತ್ತಿದ್ದರು. ಕೊಟ್ಟಿಗೆಯ ಪಕ್ಕ ಇವರ ಯಂತ್ರ. ಅದರ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲಿನ ಮೇಲೆ ಅಡಿಕೆ ಸಿಪ್ಪೆಯ ಬುಟ್ಟಿ. ಭಾವ ಇವರನ್ನು ನೋಡಿದ ಕೂಡಲೇ ಎದ್ದು ಬಂದು, "ಕರೆಂಟ್ ಸರಿ ಇಲ್ಲ ಮಾರಾಯ, ಅದಕ್ಕೆ ಇವತ್ತೊಂದು ದಿನ..." ಅಂತ ಶುರು ಮಾಡಿದರು. ಬಲ್ಬು ಉರಿಯುತ್ತಲೇ ಇತ್ತು.

ಸುಬ್ರಾಯಣ್ಣ ಏನೂ ಮಾತಾಡದೆ ಸುಲಿಯುವವರ ಪಕ್ಕ ಒಂದು ಗೋಣಿಚೀಲದ ಮೇಲೆ ಕೂತರು. ಸುಮ್ನೆ ನೋಡುತ್ತಾ ಕೂತರು. ಅವರಲ್ಲಿ ಹಿರಿಯಳು ಒಬ್ಬಳಿದ್ದಳು, ಆ ಮನೆಯ ಅಂಗಳದಲ್ಲೇ ಮೂವತ್ತು ವರ್ಷ ಸುಲಿದವಳು. ಇವರು ಹುಡುಗನಾಗಿದ್ದಾಗಿನಿಂದ ನೋಡಿದ್ದಾಳೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಬಾಯಿ ಬಿಟ್ಟಳು.

"ನಿಮ್ಮ ಮಿಷನ್ನಿಗೆ ಎಳೇದು ಯಾವುದು, ಗೋಟು ಯಾವುದು ಗೊತ್ತಾಗಲ್ಲ ಅಣ್ಣಾ. ನಮಗೆ ಮುಟ್ಟಿದ ಕೂಡಲೇ ಗೊತ್ತಾಗ್ತದೆ."

ಗೋಟು ಅಂದರೆ ಬಲಿತು ಹಣ್ಣಾದ ಕಾಯಿ. ಅವಳು ಒಂದು ಕಾಯಿ ಎತ್ತಿ ತೋರಿಸಿದಳು. ತೊಟ್ಟಿನ ಕಡೆ ಹೆಬ್ಬೆರಳಿಟ್ಟು, ಕತ್ತಿಗೆ ಒಂದಿಷ್ಟೇ ಒತ್ತಿ, ಮಣಿಕಟ್ಟು ತಿರುಗಿಸಿದಳು. ಸಿಪ್ಪೆ ಎರಡು ಹೋಳಾಗಿ ಬಂತು. ಒಳಗಿನ ಅಡಿಕೆಯ ಮೇಲೆ ಒಂದು ಗೀರೂ ಇಲ್ಲ. ಕತ್ತಿ ಸಿಪ್ಪೆಯ ಒಳಕ್ಕೆ ಹೋಗಿದ್ದು ಒಂದು ಬೆರಳಿನ ಕಾಲು ಭಾಗದಷ್ಟೂ ಇಲ್ಲ. ಉಳಿದದ್ದೆಲ್ಲ ಎಳೆತ. "ಕೊಯ್ಯಬಾರದು, ಬಿಡಿಸಬೇಕು" ಅಂದಳು. ಆಮೇಲೆ ಮೂಲೆಯಲ್ಲಿದ್ದ ಚೀಲದಿಂದ ಒಂದು ಹಿಡಿ ತೆಗೆದು ಇವರ ಮುಂದೆ ಹಾಕಿದಳು. ಯಂತ್ರದಲ್ಲಿ ಸುಲಿದು ಬೇಯಿಸಿ ಒಣಗಿಸಿದ ಅಡಿಕೆ. ಮೂರರಲ್ಲಿ ಒಂದಕ್ಕೆ ಗಾಯ. ಗಾಯದ ಅಡಿಕೆಯನ್ನು ಮಂಡಿಯಲ್ಲಿ ಬೇರೆ ರಾಶಿಗೆ ಹಾಕುತ್ತಾರೆ, ದರ ಕಡಿಮೆ. ಸುಲಿತದ ಕೂಲಿಯಲ್ಲಿ ಉಳಿದದ್ದು ಮಂಡಿಯಲ್ಲಿ ಹೋಗುತ್ತಿತ್ತು. ಏಳೂ ಮನೆಯವರಿಗೆ ಇದು ಗೊತ್ತಿತ್ತು. ಎರಡು ವರ್ಷದಿಂದ ಗೊತ್ತಿತ್ತು.

ಯಾಕೆ ಹೇಳಲಿಲ್ಲ? ಮನಸ್ಸು ನೋಯಿಸಬಾರದು ಅಂತ. ನಮ್ಮ ಹುಡುಗ ಕಷ್ಟಪಟ್ಟು ಮಾಡಿದ್ದಾನೆ ಅಂತ. ಅದರ ಜೊತೆಗೆ ಅವರಲ್ಲೇ ದುಡ್ಡು ಹಾಕಿದವರೂ ಇದ್ದರು. ಯಂತ್ರ ಸರಿಯಿಲ್ಲ ಅಂದರೆ ತಮ್ಮ ದುಡ್ಡು ಮುಳುಗಿತು ಅಂತ ತಾವೇ ಒಪ್ಪಿಕೊಂಡ ಹಾಗೆ. ಪ್ರೀತಿಯೂ ಇತ್ತು, ಭಯವೂ ಇತ್ತು, ಎರಡೂ ಸೇರಿ ಬಾಯಿ ಕಟ್ಟಿಹಾಕಿದ್ದವು. ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನಿಸಿದ್ದು ಇದು. ದುಡ್ಡು ಕೊಟ್ಟ ನಂಟೇ ಸುದ್ದಿ ಬರುವ ದಾರಿಯನ್ನೂ ಮುಚ್ಚಿತ್ತು.

ಆ ಹೆಂಗಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ದೂರದವಳಲ್ಲ. ಇವರ ಜೀವನದ ಪ್ರತಿ ಕೊಯ್ಲಿನಲ್ಲೂ ಅದೇ ಅಂಗಳದಲ್ಲಿ ಇದ್ದಳು. ಆದರೆ ಯಂತ್ರ ಕಟ್ಟುವಾಗ ಇವರು ಕೇಳಿದ್ದು ತೋಟದ ಯಜಮಾನರನ್ನು, ಸುಲಿಯುವವರನ್ನು ಅಲ್ಲ. ಜಾತಿ ಬೇರೆ, ಕೂತುಕೊಳ್ಳುವ ಜಾಗ ಬೇರೆ, ಕೇಳುವ ರೂಢಿಯೇ ಇರಲಿಲ್ಲ. ಸಂಪರ್ಕ ಬೆಳೆಸಬೇಕು ಅಂದಾಗ ನಾವೆಲ್ಲ ದೊಡ್ಡವರನ್ನು, ಪೇಟೆಯವರನ್ನು ಹುಡುಕುತ್ತೇವೆ ಅಲ್ವಾ. ಸುಲಿತದ ಬಗ್ಗೆ ಆ ತಾಲ್ಲೂಕಿನಲ್ಲಿ ಜಾಸ್ತಿ ಗೊತ್ತಿದ್ದವಳು ಹತ್ತು ಅಡಿ ದೂರದಲ್ಲಿ ಕೂತಿದ್ದಳು. ಅದೂ ಯಂತ್ರ ಚೆನ್ನಾದರೆ ತನ್ನ ಕೂಲಿ ಹೋಗುತ್ತದೆ ಅಂತ ಗೊತ್ತಿದ್ದೂ ಹೇಳಿದಳು.

ಪೀಣ್ಯದ ಹಳೆಯ ಗೆಳೆಯ

ಈಗ ಏನು ಮಾಡಬೇಕು ಅನ್ನುವುದು ಗೊತ್ತಾಯಿತು. ಮೊದಲು ಕಾಯಿಯನ್ನು ಗಾತ್ರದ ಪ್ರಕಾರ ಬೇರೆ ಮಾಡಬೇಕು. ಬ್ಲೇಡು ಇಷ್ಟಕ್ಕಿಂತ ಆಳ ಹೋಗದಂತೆ ತಡೆ ಬೇಕು. ಹಿಡಿದು ಎಳೆಯುವ ಕೆಲಸವನ್ನು ರಬ್ಬರ್ ಮಾಡಬೇಕು. ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಅವರು ಬಳಸುತ್ತಿದ್ದದ್ದು ಗುಜರಿಯಲ್ಲಿ ಸಿಗುವ ಹಳೆ ರಬ್ಬರ್. ಒಂದು ಸಲ ಗಟ್ಟಿ, ಒಂದು ಸಲ ಮೆತ್ತಗೆ. ಒಂದು ಯಂತ್ರದ ಹಾಗೆ ಇನ್ನೊಂದು ಇರುತ್ತಿರಲಿಲ್ಲ.

2014ರಲ್ಲಿ ಬೆಂಗಳೂರಿನಲ್ಲಿ ಒಂದು ಮದುವೆ. ಅಲ್ಲಿ ಊಟದ ಸಾಲಿನಲ್ಲಿ ಟೂಲ್ ರೂಮಿನ ಹಳೆಯ ಸಹೋದ್ಯೋಗಿ ಪಕ್ಕಕ್ಕೆ ಬಂದು ಕೂತರು. ಊರಿಗೆ ಬಂದ ಮೇಲೆ ಎಂಟು ವರ್ಷ ಇಬ್ಬರೂ ಒಂದು ಫೋನ್ ಕೂಡ ಮಾಡಿರಲಿಲ್ಲ. ಎಲೆ ಮುಂದೆ ಕೂತೇ ಸುಬ್ರಾಯಣ್ಣ ರಬ್ಬರಿನ ಕಥೆ ಹೇಳಿದರು. ಅವರು ಕೇಳಿದ ಮೊದಲ ಪ್ರಶ್ನೆ: "ಶೋರ್ ಎಷ್ಟು?" ರಬ್ಬರಿನ ಗಡಸುತನ ಅಳೆಯುವ ಲೆಕ್ಕ ಅದು. ಸುಬ್ರಾಯಣ್ಣ ಅದನ್ನು ಅಳತೆ ಮಾಡಿಯೇ ಇರಲಿಲ್ಲ.

ಮಾರನೇ ದಿನ ಇಬ್ಬರೂ ಪೀಣ್ಯದ ಒಂದು ಸಣ್ಣ ರಬ್ಬರ್ ಮೋಲ್ಡಿಂಗ್ ಘಟಕಕ್ಕೆ ಹೋದರು. ಅದರ ಮಾಲೀಕರು ಐವತ್ತಕ್ಕಿಂತ ಕಡಿಮೆ ಪೀಸ್ ಮಾಡುವುದಿಲ್ಲ, ದುಡ್ಡು ಪೂರ್ತಿ ಮುಂಗಡ ಅಂದರು. ಗೆಳೆಯ ನಡುವೆ ಬಾಯಿ ಹಾಕಿ "ಇವರು ನಮ್ಮವರು, ಆರು ಪೀಸ್ ಕೊಡಿ, ದುಡ್ಡಿಗೆ ನಾನು ಜವಾಬ್ದಾರಿ" ಅಂದರು. ಮೂರು ತರಹದ ಗಡಸುತನದಲ್ಲಿ ಎರಡೆರಡು ರೋಲರ್ ಬಂತು. ಬ್ಲೇಡಿಗೆ ಹೀಟ್ ಟ್ರೀಟ್‌ಮೆಂಟ್ ಮಾಡುವವರೂ ಅದೇ ಬೀದಿಯಲ್ಲಿ ಸಿಕ್ಕರು. ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೂರಿಸುವ ಯೋಚನೆ ಗೆಳೆಯನದೇ. ಸಣ್ಣ ಕಾಯಿ ಬಂದರೆ ಬ್ಲೇಡು ಮುಂದೆ ಬರಬೇಕು, ದಪ್ಪ ಬಂದರೆ ಹಿಂದೆ ಸರಿಯಬೇಕು.

ಇದನ್ನು ಓದಿದವರಿಗೆ ಮಾರ್ಕ್ ಗ್ರಾನೊವೆಟರ್ ನೆನಪಾಗಬಹುದು. ಅಮೆರಿಕದ ಸಮಾಜಶಾಸ್ತ್ರಜ್ಞರು, 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರಿಂದ ಸುದ್ದಿ ತಿಳಿದು ಕೆಲಸ ಹಿಡಿದವರನ್ನು ಅವರು ಕೇಳಿ ನೋಡಿದಾಗ, ವಾರಕ್ಕೆ ಎರಡು ಸಲವಾದರೂ ಸಿಗುವ ಆಪ್ತರಿಂದ ಸುದ್ದಿ ಪಡೆದವರು 100ಕ್ಕೆ ಸುಮಾರು 17 ಜನ ಮಾತ್ರ. ಉಳಿದವರಿಗೆ ಹೇಳಿದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರು. ಕಾರಣ ಸರಳ. ದಿನಾ ಸಿಗುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಸುಬ್ರಾಯಣ್ಣನ ಏಳು ಗಿರಾಕಿಗಳಲ್ಲಿ ಯಾರಿಗೂ ಶೋರ್ ಅಂದರೇನು ಗೊತ್ತಿರಲಿಲ್ಲ.

ಆದರೆ ನಮ್ಮಂಥ ಕಡೆ ಅಷ್ಟಕ್ಕೇ ಕೆಲಸ ಆಗುವುದಿಲ್ಲ. ಆ ರಬ್ಬರ್ ಘಟಕದ ವಿಳಾಸ ಬೇಕಿದ್ದರೆ ಯಾರಾದರೂ ಕೊಡುತ್ತಿದ್ದರು. ವಿಳಾಸ ಹಿಡಿದು ಒಬ್ಬರೇ ಹೋಗಿದ್ದರೆ ಆರು ಪೀಸ್ ಸಿಗುತ್ತಿತ್ತಾ? ಚೀನಾದ ತಿಯಾನ್‌ಜಿನ್ ನಗರದಲ್ಲಿ 1988ರಲ್ಲಿ ಮಾಡಿದ ಸಮೀಕ್ಷೆ ಆಧರಿಸಿ ಸಮಾಜಶಾಸ್ತ್ರಜ್ಞ ಬಿಯಾನ್ ಯಾನ್‌ಜೀ 1997ರಲ್ಲಿ ಬರೆದದ್ದು ನನಗೆ ಇಲ್ಲಿ ಹೆಚ್ಚು ಸರಿ ಅನಿಸುತ್ತದೆ. ಅಲ್ಲಿ ಕೆಲಸ ಕೊಡಿಸಬಲ್ಲ ಅಧಿಕಾರಿ ಎಷ್ಟೋ ಸಲ ಅಪರಿಚಿತ, ಆದರೆ ಇಬ್ಬರಿಗೂ ಹತ್ತಿರದವನಾದ ಒಬ್ಬ ನಡುವೆ ನಿಲ್ಲುತ್ತಿದ್ದ. ಕರಾರಿಗಿಂತ ಮಾತಿನ ಮೇಲೆ ವ್ಯವಹಾರ ನಡೆಯುವ ಜಾಗದಲ್ಲಿ ಸುದ್ದಿ ದೂರದಿಂದ ಬಂದರೂ, ಆ ಸುದ್ದಿ ಕೆಲಸಕ್ಕೆ ಬರಬೇಕಾದರೆ "ನಾನಿದ್ದೇನೆ" ಅನ್ನುವ ಒಬ್ಬರು ಬೇಕು.

ಬೈಯುವ ಗಿರಾಕಿ

2015ರಲ್ಲಿ ಹೊಸ ಯಂತ್ರ ಎರಡು ತಯಾರಾದವು. ಯಾರಿಗೆ ಕೊಡುವುದು? ಭಾವ ತಾನೇ ಮುಂದೆ ಬಂದು ಕೇಳಿದರು. ಆ ಹೊತ್ತಿನಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಈ ಸಲ ನೆಂಟರಿಗೆ ಬೇಡ. ಸುಬ್ರಾಯಣ್ಣ ಎರಡು ದಿನ ಯೋಚಿಸಿ ಒಪ್ಪಿದರು. ಬಿಡಿಭಾಗದ ಅಂಗಡಿಯವರ ಪರಿಚಯದಿಂದ ಚನ್ನಗಿರಿ ಕಡೆಯ ಒಬ್ಬ ಖೇಣಿದಾರರು ಸಿಕ್ಕರು. ಖೇಣಿ ಅಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದು, ತಾವೇ ಕೊಯ್ದು, ಸುಲಿದು, ಬೇಯಿಸಿ ಮಾರುವುದು. ಅವರಿಗೆ ಯಂತ್ರ ಒಂದು ಗಂಟೆ ನಿಂತರೂ ನಷ್ಟ. ಇವರ ಮುಖದಾಕ್ಷಿಣ್ಯ ಅವರಿಗೆ ಬೇಕಾಗಿಯೇ ಇರಲಿಲ್ಲ.

ಮೊದಲ ಫೋನ್ ಬಂದದ್ದು ರಾತ್ರಿ ಹನ್ನೊಂದಕ್ಕೆ. ಬಾಯಿಗೆ ಬಂದಂತೆ ಬೈದರು. ಸುಬ್ರಾಯಣ್ಣ ಫೋನ್ ಇಟ್ಟು, ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ತಾರೀಕು ಹಾಕಿ ಬರೆದರು: ಬುಟ್ಟಿಯ ಬಾಯಲ್ಲಿ ಕಾಯಿ ಕಟ್ಟಿಕೊಳ್ಳುತ್ತದೆ. ಮರುದಿನ ಇನ್ನೊಂದು: ಸಿಪ್ಪೆಯ ನಾರು ಬೇರಿಂಗಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ: ವೋಲ್ಟೇಜ್ ಬಿದ್ದರೆ ಮೋಟಾರು ಬಿಸಿಯಾಗುತ್ತದೆ. ಆ ಕೊಯ್ಲು ಮುಗಿಯುವಷ್ಟರಲ್ಲಿ 34 ದೂರು. ಆ ಹಾಳೆಗಳು ಈಗಲೂ ಒಂದು ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ಶೆಡ್ಡಿನ ಗೋಡೆಯಲ್ಲಿವೆ. ಸರಿಪಡಿಸಿದ್ದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ. ಈಗ ಮಾರುತ್ತಿರುವ ಯಂತ್ರ ಹುಟ್ಟಿದ್ದು ಆ ಹಾಳೆಗಳಿಂದ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಮುಂದಿನ ವರ್ಷ ಅದೇ ಖೇಣಿದಾರರು ನಾಲ್ಕು ಯಂತ್ರ ತಗೊಂಡರು, ಜೊತೆಗೆ ಇನ್ನೂ ಮೂರು ಖೇಣಿದಾರರನ್ನು ಕಳಿಸಿದರು.

ದುಡ್ಡು ವಾಪಸ್ ಮಾಡಿದ್ದು

ಇನ್ನೊಂದು ತಿರುವು ನೋವಿನದು. ಆ ಐದು ಜನರ ದುಡ್ಡು ಇನ್ನೂ ಹಾಗೇ ಇತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಯಂತ್ರ ಹೊರಗಿನವರಿಗೆ ಹೋಗುತ್ತಿದೆ ಅಂದಾಗ ಮಾತು ಬಂತು. ನಮಗೆ ಮೊದಲು ಕೊಡಬೇಕಿತ್ತು, ಬೆಲೆ ಇಷ್ಟೇ ಇಡಬೇಕು, ಇದೆಲ್ಲ ಬಿಟ್ಟು ಗೇಟು ಗ್ರಿಲ್ಲು ನೋಡಿಕೊಂಡರೆ ಸಾಕಿತ್ತು. ಬಡ್ಡಿ ಇಲ್ಲದ ದುಡ್ಡಿನ ಬಡ್ಡಿ ಹೀಗೆ ಬರುತ್ತದೆ.

2016ರಲ್ಲಿ ಮುದ್ರಾ ಯೋಜನೆಯಲ್ಲಿ, ಆಸ್ತಿ ಅಡವಿಡದೆ, 4 ಲಕ್ಷ ಸಾಲ ಸಿಕ್ಕಿತು. ಖೇಣಿದಾರರ ಆರ್ಡರ್ ಕಾಗದದ ಮೇಲಿದ್ದದ್ದರಿಂದ ಬ್ಯಾಂಕಿನವರಿಗೆ ಧೈರ್ಯ ಬಂತು. ಸ್ವಂತ ಗಳಿಕೆಯಿಂದ ಇಬ್ಬರದನ್ನು ಚುಕ್ತಾ ಮಾಡಿದರು, ಉಳಿದ ಮೂವರಿಗೆ ವಾಯಿದೆ, ಬಡ್ಡಿ ಬರೆದು ಕಾಗದ ಮಾಡಿಕೊಡಲು ಹೋದರು. ಸೋದರಮಾವ ಕಾಗದ ಮುಟ್ಟಲಿಲ್ಲ. "ನಮಗೂ ಕಾಗದವೇ?" ಅಂದರಂತೆ, ಅಷ್ಟೇ. ಒಂದು ವರ್ಷ ಹಬ್ಬಕ್ಕೆ ಬರಲಿಲ್ಲ.

ಇದನ್ನು ನಾನೇ ಮಾಡಿಸಿದ್ದು. ದಾರಿ ಸರಿಯಿತ್ತು, ಮಾಡಿದ ರೀತಿ ಸರಿ ಇರಲಿಲ್ಲ ಅಂತ ಈಗ ಅನಿಸುತ್ತದೆ. ಹಿರಿಯರ ಮುಂದೆ ಕಾಗದ ಇಡುವ ಮೊದಲು ಅವರ ಮನೆಗೆ ಹೋಗಿ, ಕೂತು, ನಿಮ್ಮಿಂದಲೇ ಇದು ಶುರುವಾಯಿತು ಅಂತ ಹೇಳಿ, ಮರ್ಯಾದೆಯಿಂದ ವಿಷಯ ತೆಗೆಯಬೇಕಿತ್ತು. ಕಾಗದ ಆಮೇಲೆ. ಸಾಲ ಸಿಕ್ಕ ಖುಷಿಯಲ್ಲಿ ಅವಸರ ಮಾಡಿದೆವು.

ಆಮೇಲೆ ಏನಾಯಿತು

ಮೊದಲ ಎರಡು ವರ್ಷ 7 ಯಂತ್ರ. 2016ರಲ್ಲಿ 11, ಮರುವರ್ಷ 26. ಶೆಡ್ಡಿನಲ್ಲಿ ಈಗ ಒಂಬತ್ತು ಜನ ಇದ್ದಾರೆ. ಗಾಯದ ಅಡಿಕೆ ಪೂರ್ತಿ ನಿಂತಿಲ್ಲ, ಬಹಳ ಕಡಿಮೆಯಾಗಿದೆ. ಬೇರೆ ಮಾಡದೆ ಸುರಿದರೆ ಈಗಲೂ ಗಾಯ ಆಗುತ್ತದೆ. ಅಕ್ಕನ ಮನೆಯಲ್ಲಿ ಹೊಸ ಯಂತ್ರ ಇದೆ, ಅದರ ಮೇಲೆ ಟಾರ್ಪಾಲಿಲ್ಲ.

ನಡುವೆ ಒಬ್ಬ ಹುಡುಗ ಕೆಲಸ ಬಿಟ್ಟು, ಪಕ್ಕದ ತಾಲ್ಲೂಕಿನಲ್ಲಿ ಅದೇ ಯಂತ್ರ ಮಾಡತೊಡಗಿದ. ಪೇಟೆಂಟ್ ಮಾಡಿಸಿರಲಿಲ್ಲ, ಅದರ ಖರ್ಚು, ಓಡಾಟ ಆಗ ಕೈಗೆಟುಕುತ್ತಿರಲಿಲ್ಲ. ಸುಬ್ರಾಯಣ್ಣ ಒಂದು ವಾರ ನಿದ್ದೆ ಮಾಡಲಿಲ್ಲ. ಆಮೇಲೆ ಒಂದು ನಿರ್ಧಾರ ತಗೊಂಡರು: ಪ್ರತಿ ವರ್ಷ ಕೊಯ್ಲಿಗೆ ಮುಂಚೆ, ತಮ್ಮ ಯಂತ್ರ ಇರುವ ಕಡೆಗೆಲ್ಲ ಬ್ಲೇಡು, ರೋಲರ್ ಸೆಟ್ ಹಿಡಿದು ತಾವೇ ಹೋಗುವುದು. ಹುಡುಗ ಯಂತ್ರ ನಕಲು ಮಾಡಿದ. ಪೀಣ್ಯದ ಆ ರಬ್ಬರ್ ಘಟಕ ಅವನಿಗೆ ಸಾಲಕ್ಕೆ ಮಾಲು ಕೊಡಲಿಲ್ಲ.

ಸುಲಿಯುವ ಆ ಹಿರಿಯಳಿಗೆ ಸಿಕ್ಕಿದ್ದು ದೀಪಾವಳಿಗೆ ಒಂದು ಸೀರೆ. ಇದು ನ್ಯಾಯ ಅಲ್ಲ ಅಂತ ನಾನು ಅವರಿಗೂ ಹೇಳಿದ್ದೇನೆ, ಇಲ್ಲೂ ಬರೆಯುತ್ತೇನೆ. ಗೆಳೆಯನ ಸ್ಪ್ರಿಂಗಿಗೆ ಎಷ್ಟು ಬೆಲೆಯೋ ಅವಳ ಹೆಬ್ಬೆರಳಿಗೂ ಅಷ್ಟೇ ಬೆಲೆ. ಈಗ ಎರಡು ವರ್ಷದಿಂದ ಹೊಸ ಯಂತ್ರ ಹೊರಗೆ ಹೋಗುವ ಮೊದಲು ಅವಳು ಮತ್ತು ಇನ್ನಿಬ್ಬರು ಹೆಂಗಸರು ಶೆಡ್ಡಿಗೆ ಬಂದು ಒಂದು ಮೂಟೆ ಓಡಿಸಿ ನೋಡುತ್ತಾರೆ. ಅದಕ್ಕೆ ದಿನಗೂಲಿ ಇದೆ. ಅವರು ಬೇಡ ಅಂದರೆ ಯಂತ್ರ ಹೊರಡುವುದಿಲ್ಲ.

ಕಳೆದ ವರ್ಷ ಸುಬ್ರಾಯಣ್ಣ ಕಾಳುಮೆಣಸು ಬಿಡಿಸುವ ಒಂದು ಸಣ್ಣ ಯಂತ್ರ ಕಟ್ಟಿದರು. ಹಬ್ಬಕ್ಕೆ ಬಂದಿದ್ದ ಸೋದರಮಾವ ನೋಡಿ, ತಮ್ಮ ತೋಟಕ್ಕೆ ಬೇಕು ಅಂದರು. ಮೊದಲನೆಯದು ನಿಮಗಲ್ಲ ಮಾವ, ಮೂರನೆಯದು ನಿಮಗೆ ಅಂತ ಹೇಳಿ, ಅದನ್ನು ಕೊಡಗಿನ ಒಬ್ಬ ಬೆಳೆಗಾರರಿಗೆ ಅರ್ಧ ಬೆಲೆಗೆ ಕಳಿಸಿದರು. ಅವರನ್ನು ಇವರು ಮುಖ ನೋಡಿಲ್ಲ, ಖೇಣಿದಾರರ ಕಡೆಯಿಂದ ಸಿಕ್ಕವರು. ಷರತ್ತು ಒಂದೇ, ಏನು ತೊಂದರೆ ಬಂದರೂ ಅದೇ ದಿನ ಫೋನ್ ಮಾಡಬೇಕು. ಮೂರನೇ ದಿನ ಫೋನ್ ಬಂತು. ಜರಡಿಯ ತೂತು ದೊಡ್ಡದಾಯಿತಂತೆ, ತೊಟ್ಟಿನ ಚೂರು ಕಾಳಿನ ಜೊತೆಗೇ ಕೆಳಗೆ ಬೀಳುತ್ತಿದೆಯಂತೆ.